ದೂರುದಾರರು ಸಮಾಧಾನ ಹೊಂದಿರುತ್ತಾರೆ

ಒಂಬತ್ತನೆಯ ಮೆಟ್ಟಿಲಲ್ಲಿ ಅಂಗೈ ಜಾರಿ ಚರ್ಮ ಸುಲಿಯಿತು. ಊರುಗೋಲು ಕಂಕುಳಿನಿಂದ ಕಳಚಿ, ಒಂದೊಂದು ಮೆಟ್ಟಿಲಿಗೂ ಸದ್ದು ಮಾಡುತ್ತ, ಕೆಳಗಿನವರೆಗೂ ಹೋಗಿ ಬಿತ್ತು. ದಾನೇಶ್ವರಿ ಗೋಡೆಗೆ ಭುಜ ಒತ್ತಿ ಇದ್ದಲ್ಲೇ ಕೂತಳು. ಕೆಳಗೆ ಎಂಟು ಮೆಟ್ಟಿಲು, ಮೇಲೆ ಹನ್ನೆರಡು. ಊರುಗೋಲಿಗಾಗಿ ಇಳಿದರೆ ಮತ್ತೆ ಮೊದಲಿನಿಂದ. ಇಳಿಯದಿದ್ದರೆ ಮೇಲೆ ಹೋದ ಮೇಲೆ ಏಳುವುದು ಹೇಗೆ?

ಅವಳು ಹತ್ತುವುದು ಹಿಮ್ಮುಖವಾಗಿ. ಮೆಟ್ಟಿಲ ಮೇಲೆ ಕೂತು, ಎರಡೂ ಅಂಗೈಗಳನ್ನು ಹಿಂದಿನ ಮೆಟ್ಟಿಲಿಗೆ ಊರಿ, ಬಲಗಾಲಿನಿಂದ ಒದ್ದು ಮೈಯನ್ನು ಎತ್ತಿ ಇಡಬೇಕು. ಪೋಲಿಯೊ ತಿಂದುಬಿಟ್ಟ ಎಡಗಾಲು ಕಬ್ಬಿಣದ ಪಟ್ಟಿಗಳ ಸಮೇತ ಎಳೆದುಕೊಂಡು ಬರುತ್ತದೆ. ಹಿಡಿದುಕೊಳ್ಳಲು ಕಂಬಿಯಿಲ್ಲ. ಹೀಗೆ ಹತ್ತುವವರಿಗೆ ಮೇಲಿನದು ಕಾಣುವುದಿಲ್ಲ, ಬಿಟ್ಟು ಬಂದದ್ದಷ್ಟೇ ಕಾಣುತ್ತದೆ.

ಕಸಬರಿಗೆ ಹಿಡಿದು ಹುಸೇನಬೀ ಬಂದಳು. ಕಚೇರಿ ಗುಡಿಸುವ ಹೊರಗುತ್ತಿಗೆಯ ಹೆಂಗಸು, ಐವತ್ತೈದು ದಾಟಿರಬೇಕು. ಊರುಗೋಲು ಎತ್ತಿಕೊಂಡು ಎಂಟು ಮೆಟ್ಟಿಲು ಹತ್ತಿ ದಾನೇಶ್ವರಿಯ ಪಕ್ಕದಲ್ಲಿ ಇಟ್ಟಳು. ಕೈ ಕೊಡಲಿಲ್ಲ. ಮೊದಲ ದಿನ ಕೊಟ್ಟಿದ್ದಳು, ದಾನೇಶ್ವರಿ ಹಿಡಿದಿರಲಿಲ್ಲ. ಅಂದಿನಿಂದ ದಾನೇಶ್ವರಿ ಮೇಲೆ ಮುಟ್ಟುವ ತನಕ ಹುಸೇನಬೀ ಮೆಟ್ಟಿಲಿಗೆ ನೀರು ಹಾಕುವುದಿಲ್ಲ, ಅಷ್ಟೇ.

"ನಿನ್ನೆ ಸಂಜಿಗೆ ಸಾಬೂನ ಹಾಕಿ ತೊಳೆದಿದ್ದೆ, ಅದಕ್ಕ ಜಾರ್ಯದ," ಅಂದಳು. "ಕೆಳಗ ಹೋಗಿ ಬಂದಿ ಇಲ್ಲೋ?"

"ಹೋಗಿ ಬಂದೀನಿ ಖಾಲಾ."

"ಹಂಗಾರ ಸಂಜಿತನಾ ಬೇಫಿಕರ್."

ಪಾಯಖಾನೆ ಇರುವುದು ಕೆಳಗೆ, ಹಿತ್ತಲಿನಲ್ಲಿ. ದಾನೇಶ್ವರಿ ಬೆಳಿಗ್ಗೆ ಏಳಕ್ಕೆ ಒಂದು ಲೋಟ ನೀರು ಕುಡಿದರೆ ಮತ್ತೆ ಕುಡಿಯುವುದು ಸಂಜೆ ಆರಕ್ಕೆ. ಕಚೇರಿ ತೆರೆಯುವುದು ಹತ್ತಕ್ಕೆ. ಅವಳು ಸುರಪುರದಿಂದ ಮೊದಲ ಬಸ್ಸು ಹಿಡಿದು ಎಂಟರ ಹೊತ್ತಿಗೆ ಶಹಾಪುರದಲ್ಲಿ ಇಳಿದಿರುತ್ತಾಳೆ. ಎಲ್ಲರೂ ಹೋದ ಮೇಲೆ ಇಳಿಯುತ್ತಾಳೆ. ಹೀಗಾಗಿ ಆ ಕಚೇರಿಯ ಹದಿನಾಲ್ಕು ಮಂದಿಯಲ್ಲಿ ಅವಳು ಮೆಟ್ಟಿಲು ಹತ್ತುವುದನ್ನು ನೋಡಿದವರು ಯಾರೂ ಇಲ್ಲ. ಅವರು ಬಂದಾಗ ಕುರ್ಚಿಯಲ್ಲಿರುತ್ತಾಳೆ, ಅವರು ಹೋಗುವಾಗಲೂ ಕುರ್ಚಿಯಲ್ಲಿರುತ್ತಾಳೆ. ಹೆಂಗೋ ಬರ್ತಾಳ ಬಿಡು ಎಂದುಕೊಂಡಿದ್ದರು.

ನಾಲ್ಕು ತಿಂಗಳ ಹಿಂದೆ ಅವಳ ಮೇಜು ಕೆಳಗೇ ಇತ್ತು. ಹತ್ತು ವರ್ಷ ಅಲ್ಲೇ ಇತ್ತು. ಕಚೇರಿಯ ಮುಖ್ಯಸ್ಥರಾಗಿ ಲಕ್ಷ್ಮಿಕಾಂತ ಸಾಹೇಬರು ಬಂದರು, ಕೆಳಗಿನ ಕೋಣೆಯಲ್ಲಿ ದೊಡ್ಡ ವಿಡಿಯೊ ಪರದೆ ಬಂತು, ಅವಳ ಮೇಜು ಮೇಲೆ ಹೋಯಿತು, ಬೆಂಗಳೂರಿನವರು ಆ ಪರದೆಯಲ್ಲಿ ಸಭೆ ಮಾಡತೊಡಗಿದರು. ತಿಂಗಳಿಗೆ ಎರಡು ದಿನ. ಉಳಿದ ದಿನ ಕೋಣೆಗೆ ಬೀಗ. ಬೀಗ ಹಾಕಿದ ಬಾಗಿಲಿನ ಮುಂದೆ ಹಾದು ಅವಳು ಮೆಟ್ಟಿಲಿಗೆ ಬರುತ್ತಾಳೆ. ಕಿಟಕಿಯ ಸಂದಿಯಿಂದ ನೋಡಿದರೆ ನೆಲದ ಮೇಲೆ ಅವಳ ಮೇಜಿನ ನಾಲ್ಕು ಕಾಲಿನ ಗುರುತು ಇನ್ನೂ ಇದೆ.

ಅವಳು ಕೇಳಿದ್ದು ಇಷ್ಟೇ: ಆ ಗುರುತಿನ ಮೇಲೆ ಮೇಜನ್ನು ಮತ್ತೆ ಇಡಿ. ಬಾಯಲ್ಲಿ ಕೇಳಿದಳು. ಸಾಹೇಬರು ನೋಡೋಣ ಅಂದರು, ಒಳ್ಳೆಯ ಮಾತಿನಲ್ಲೇ ಅಂದರು. ಬರೆದು ಕೊಟ್ಟಳು. ಕಚೇರಿಗೆ ಬರುವ ಟಪಾಲನ್ನು ಬಿಚ್ಚಿ, ಆವಕ ವಹಿಯಲ್ಲಿ ಏರಿಸಿ, ನಂಬರು ಹಾಕುವ ಗುಮಾಸ್ತೆ ಅವಳೇ. ತನ್ನ ಅರ್ಜಿಗೆ ತಾನೇ ನಂಬರು ಹಾಕಿ, ತಾನೇ ಠಸ್ಸೆ ಒತ್ತಿ, ಸಾಹೇಬರ ಮೇಜಿನ ಟ್ರೇಯಲ್ಲಿ ಇಡಿಸಿದಳು. ಅದು ಅಲ್ಲೇ ಹಳದಿಯಾಯಿತು. ಆಮೇಲೆ ಬೆಂಗಳೂರಿಗೆ ಬರೆದಳು, ಅಂಗವಿಕಲ ನೌಕರರ ದೂರು ಕೇಳುವ ಕಚೇರಿಗೆ.

ಊರುಗೋಲು ಜಾರಿದ ದಿನವೇ ಆ ದೂರು ತಿರುಗಿ ಬಂತು. ಹನ್ನೊಂದರ ಟಪಾಲಿನಲ್ಲಿ ಕಂದು ಲಕೋಟೆ. ಒಳಗೆ ಅವಳದೇ ಅಕ್ಷರದ ನೆರಳಚ್ಚು, ಮೇಲೊಂದು ಹಾಳೆ: ಹದಿನೈದು ದಿನದೊಳಗೆ ವರದಿ ಸಲ್ಲಿಸತಕ್ಕದ್ದು, ತರುವಾಯ ಪರದೆಯ ಮೂಲಕ ವಿಚಾರಣೆ ನಡೆಯುವುದು. ಅವಳು ಠಸ್ಸೆ ಒತ್ತಿದಳು, ನಂಬರು ಹಾಕಿದಳು. ಮಧ್ಯಾಹ್ನಕ್ಕೆ ಅದು ಅಧೀಕ್ಷಕ ಅತೀಕ ಸಾಹೇಬರ ಕೈ ದಾಟಿ ಅವಳ ಮೇಜಿಗೇ ಬಂತು. ಅಂಚಿನಲ್ಲಿ ಕೆಂಪು ಶಾಯಿಯ 'ದಾ'. ಅಂದರೆ ದಾನೇಶ್ವರಿ. ಅಂಗವಿಕಲ ನೌಕರರ ವಿಷಯಕ್ಕೆ ಸೇರಿದ ಕಾಗದವೆಲ್ಲ ಅವಳ ಮೇಜಿನದು. ಹತ್ತು ವರ್ಷದ ಹಿಂದೆ ಕೆಲಸಕ್ಕೆ ಸೇರಿದ ದಿನ, ಇದು ನಿಮಗೇ ಛಲೋ ತಿಳಿತದ ಎಂದು ಆ ವಿಷಯವನ್ನು ಅವಳಿಗೆ ಕೊಟ್ಟಿದ್ದರು.

ಅವಳು ಕಾಗದ ಹಿಡಿದು ಅತೀಕ ಸಾಹೇಬರ ಮೇಜಿನವರೆಗೆ ಹೋದಳು. ಅವರು ಬರುವ ಮಾರ್ಚಿಗೆ ನಿವೃತ್ತರಾಗುವವರು, ಯಾರಿಗೂ ದನಿ ಎತ್ತಿ ಮಾತನಾಡಿದವರಲ್ಲ.

"ಕೇಸ್ ವರ್ಕರ್ ಕರಡು ಇಡಬೇಕಲ್ಲ ಬೇಟಾ," ಅಂದರು. "ಹಳೇ ಫೈಲ್ ನೋಡಿ ಬರಿ."

"ದೂರು ಕೊಟ್ಟಾಕಿ ನಾನೇ ಇದ್ದೀನ್ರಿ."

"ಕೊಟ್ಟಾಕಿ ಬ್ಯಾರೆ, ಕೇಸ್ ವರ್ಕರ್ ಬ್ಯಾರೆ." ಅವರು ಕನ್ನಡಕ ತೆಗೆದು ಒರೆಸಿದರು. "ನನ್ನ ರಜಾ ಅರ್ಜಿ ನಾನೇ ಶಿಫಾರಸ್ ಮಾಡ್ತೀನಿ. ದಫ್ತರ ಅಂದ್ರ ಹಂಗೇ."

ಹಳೆಯ ಕಡತ ಬೀರುವಿನ ಕೆಳಗಿನ ಅರೆಯಲ್ಲಿತ್ತು. ದಾರ ಬಿಚ್ಚಿದಳು. ಕಚೇರಿಯಲ್ಲಿ ಯಾವ ಉತ್ತರವನ್ನೂ ಯಾರೂ ಹೊಸದಾಗಿ ಬರೆಯುವುದಿಲ್ಲ. ಹಿಂದಿನದನ್ನು ನೋಡಿ ಹೆಸರು, ತಾರೀಖು ಬದಲಿಸುತ್ತಾರೆ. ಹಾಗೆ ಬದಲಿಸಲೆಂದೇ ಅವಳು ಪುಟ ತಿರುವಿದಳು. ಸಿಕ್ಕಿದ್ದು ಅಂಬ್ರಪ್ಪನ ದೂರು.

ಅಂಬ್ರಪ್ಪ ಇದೇ ಕಚೇರಿಯ ಜವಾನನಾಗಿದ್ದ. ಕಿವಿ ಪೂರ್ತಿ ಕೇಳುತ್ತಿರಲಿಲ್ಲ. ಆಗಿನ ಸಾಹೇಬರು ಗಂಟೆ ಒತ್ತಿದರೆ ಬರುತ್ತಿರಲಿಲ್ಲ, ಬಾರದ್ದಕ್ಕೆ ಕರ್ತವ್ಯಲೋಪದ ನೋಟೀಸು ಮೂರು ಸಲ ಆಗಿತ್ತು. ಅವನು ಕೇಳಿದ್ದು ಗಂಟೆಯ ಬದಲು ಒಂದು ಬಲ್ಬು. ಒತ್ತಿದರೆ ಹತ್ತಬೇಕು, ಕಂಡು ಬರುತ್ತೇನೆ ಎಂದು ಬರೆದಿದ್ದ. ಅದಕ್ಕೆ ಕಚೇರಿ ಕೊಟ್ಟ ಉತ್ತರ ನಾಲ್ಕು ಸಾಲು. ಕೊನೆಯ ಸಾಲು ಹೀಗಿತ್ತು: ಸದರಿ ನೌಕರರಿಗೆ ಮೌಖಿಕವಾಗಿ ತಿಳಿಹೇಳಲಾಗಿ, ದೂರುದಾರರು ಸಮಾಧಾನ ಹೊಂದಿರುತ್ತಾರೆ.

ಕಿವಿ ಕೇಳದವನಿಗೆ ಮೌಖಿಕವಾಗಿ.

ಕರಡಿನ ಅಂಚಿನಲ್ಲಿ ಬರೆದವರ ಕಿರುಸಹಿ ಇತ್ತು. 'ದಾ'. ಅವಳು ಕೆಲಸಕ್ಕೆ ಸೇರಿದ ಆರನೆಯ ತಿಂಗಳು. ಅದಕ್ಕೂ ಹಿಂದಿನ, ಯಾರೋ ಕುಂಟನ ಕಡತ ನೋಡಿ ಬರೆದದ್ದು ನೆನಪಾಯಿತು. ಹೆಸರು ಬದಲಿಸಿದ್ದಳು. ಉಳಿದದ್ದನ್ನು ಬದಲಿಸಬೇಕೆಂದು ಹೊಳೆದೇ ಇರಲಿಲ್ಲ. ಅಕ್ಷರ ಚೆನ್ನಾಗಿದೆ ಎಂದು ಆಗಿನ ಸಾಹೇಬರು ಹೊಗಳಿದ್ದೂ ನೆನಪಾಯಿತು.

ಕಿಟಕಿಯಾಚೆ ಮಲಗಿದ ಬುದ್ಧನ ಆಕಾರದ ಗುಡ್ಡ ಬಿಸಿಲಿನಲ್ಲಿತ್ತು. ಇಡೀ ದಿನ ಮಲಗಿರುತ್ತಾನೆ, ಅವನಿಗೆ ಯಾರೂ ಹತ್ತಿ ಬಾ ಎನ್ನುವುದಿಲ್ಲ. ಅವಳು ದಾರ ಕಟ್ಟಿ ಕಡತವನ್ನು ಮಡಿಲಲ್ಲಿ ಇಟ್ಟುಕೊಂಡೇ ಸಂಜೆಯವರೆಗೆ ಕೂತಳು.

*

ಎರಡನೆಯ ಶನಿವಾರ ರಜೆ. ಅವಳು ಬೆಳಿಗ್ಗೆ ಶಹಾಪುರಕ್ಕೆ ಬಂದು, ಯಾದಗಿರಿ ಬಸ್ಸು ಹತ್ತಿ ದೋರನಹಳ್ಳಿಯಲ್ಲಿ ಇಳಿದಳು. ಹೋಗುವುದಾಗಿ ಹೇಳಲು ಮನೆಯಲ್ಲಿ ಯಾರೂ ಇರಲಿಲ್ಲ. ತಾಯಿ ತೀರಿಕೊಂಡ ಮೇಲೆ ಸುರಪುರದ ಆ ಎರಡು ಕೋಣೆಯಲ್ಲಿ ಅವಳು ಮಾತನಾಡುವುದು ಕುಕ್ಕರಿನ ಸೀಟಿ ಎಣಿಸುವಾಗ ಮಾತ್ರ. ಕಂಡಕ್ಟರು ಹೆಂಗಸರ ಸೊನ್ನೆ ರೂಪಾಯಿಯ ಟಿಕೆಟ್ಟು ಹರಿದು ಕೊಟ್ಟು, ಒಬ್ಬಾಕಿನೇ ಹೊಂಟೀರೇನ್ರಿ ಅಂತ ಕೇಳಿದ. ಅವಳು ತಲೆಯಾಡಿಸಿದಳು.

ಅಂಬ್ರಪ್ಪನ ಮನೆ ಕೇಳಿದರೆ ಎಲ್ಲರೂ ತೋರಿಸಿದರು, ಕೂಗಬ್ಯಾಡ್ರಿ ಬಟನ್ ಒತ್ರಿ ಅಂದರು. ಬಾಗಿಲಿನ ಚೌಕಟ್ಟಿಗೆ ಒಂದು ಬಟನ್ ಇತ್ತು, ಮೇಲೆ ಸುಣ್ಣದಲ್ಲಿ 'ಒತ್ತಿರಿ' ಎಂದು ಬರೆದಿತ್ತು. ಒತ್ತಿದಳು. ಒಳಗಿನ ಕತ್ತಲಲ್ಲಿ ಕೆಂಪು ಬಲ್ಬು ಹತ್ತಿತು, ಹೊರಸಿನ ಮೇಲೆ ಮಲಗಿದ್ದ ಅಂಬ್ರಪ್ಪ ಎದ್ದು ಕೂತ.

ಬಾಗಿಲಿನ ಬಿಸಿಲಿಗೆ ಅವಳ ಮುಖದ ಗುರುತು ಹತ್ತಲಿಲ್ಲ. ಊರುಗೋಲು ನೋಡಿ ಹಿಡಿದ. ಕೂರಲು ಕುರ್ಚಿ ಎಳೆದ. ಅವಳು ಚೀಲದಿಂದ ನೋಟ್‌ಬುಕ್ಕು ತೆಗೆದು ಬರೆದಳು: ನಿಮ್ಮ ಬಲ್ಬಿನ ಅರ್ಜಿಗೆ ಉತ್ತರ ಬರೆದವಳು ನಾನು.

ಅಂಬ್ರಪ್ಪ ಅದನ್ನು ಬೆಳಕಿಗೆ ಹಿಡಿದು ಎರಡು ಸಲ ಓದಿದ. ಅವನ ದನಿಗೆ ಅಳತೆಯಿರಲಿಲ್ಲ, ಓಣಿಗೆಲ್ಲ ಕೇಳುವಂತಿತ್ತು. ಆ ಬಲ್ಬನ್ನು ನಿವೃತ್ತನಾದ ಮರುದಿನ ತಾನೇ ಹಾಕಿಕೊಂಡನಂತೆ. ವಯರು, ಬಟನ್ನು, ಬಲ್ಬು, ಅರ್ಧ ತಾಸಿನ ಕೆಲಸ. ಆ ಅರ್ಧ ತಾಸಿಗಾಗಿ ಆರು ವರ್ಷ ಸಾಹೇಬರ ಬಾಗಿಲಿನ ಎದುರು, ಬಾಗಿಲಿನ ಮೇಲೆಯೇ ಕಣ್ಣು ನೆಟ್ಟು ಕೂತಿದ್ದನಂತೆ. ಊಟಕ್ಕೆ ತಲೆ ಬಗ್ಗಿಸಿದರೂ ಗಂಟೆ ಹೊಡೆದಿರಬಹುದು ಎಂಬ ಹೆದರಿಕೆ. ಈಗಲೂ ಉಣ್ಣುವಾಗ ತಲೆ ಎತ್ತಿ ಎತ್ತಿ ಬಾಗಿಲು ನೋಡುತ್ತೇನೆ ಎಂದು ಹೇಳಿ ನಕ್ಕ. ಆಮೇಲೆ ನಗು ನಿಲ್ಲಿಸಿ ಅವಳ ಕಡೆ ನೋಡಿದ.

"ನಂಗ ಸಮಾಧಾನ ಆಗ್ಯದ ಅಂತ ಬರದಿದ್ದಿ. ನನ್ನ ಸಮಾಧಾನ ನಿಂಗ ಹ್ಯಾಂಗ ಗೊತ್ತಾತು ತಂಗಿ?"

ಅವಳು ಪೆನ್ನು ಎತ್ತಿಕೊಂಡಳು. ತನಗೆ ಈಗ ಏನಾಗಿದೆ ಎಂದು ಬರೆಯಬೇಕೆಂದಿದ್ದಳು, ಮೇಜು, ಮೆಟ್ಟಿಲು, ಹಿತ್ತಲು. ಬರೆದರೆ ಅದು ಕ್ಷಮೆ ಕೇಳಿದಂತಾಗದೆ ಲೆಕ್ಕ ಚುಕ್ತಾ ಮಾಡಿದಂತಾಗುತ್ತದೆ ಅನಿಸಿತು. ಪೆನ್ನು ಮುಚ್ಚಿ ಚೀಲಕ್ಕೆ ಹಾಕಿದಳು. ಅವನೂ ಉತ್ತರಕ್ಕೆ ಕಾಯಲಿಲ್ಲ. ಎದ್ದು ಚಹಾ ಮಾಡಿ ತಂದ, ಅವಳು ಕುಡಿಯುವ ತನಕ ಬಾಗಿಲು ನೋಡುತ್ತ ಕೂತ. ಪರವಾಗಿಲ್ಲ ಎಂಬ ಮಾತು ಅವನ ಬಾಯಿಂದ ಬರಲೇ ಇಲ್ಲ. ಬಸ್ಸಿನ ಹೊತ್ತಾಗಿದೆ ಎಂದು ಹೊರಟಾಗ, ಹೋಗಿ ಬರ್ತೀನಿ ಎಂದು ಬೆನ್ನ ಹಿಂದಿನಿಂದ ಹೇಳಿದಳು, ಅವನಿಗೆ ಕೇಳುವುದಿಲ್ಲ ಎಂಬುದು ಮತ್ತೆ ಮರೆತಿತ್ತು. ತಿರುಗಿ ಬಂದು ಬಟನ್ ಒತ್ತಿದಳು. ಬಲ್ಬು ಹತ್ತಿತು. ಅವನು ನೋಡಿ ಕೈ ಎತ್ತಿದ.

*

ಸೋಮವಾರ ಕರಡು ಬರೆದಳು. ಹಳೆಯ ಕಡತ ತೆರೆಯಲಿಲ್ಲ, ಅದಕ್ಕೇ ಇಡೀ ದಿನ ಹಿಡಿಯಿತು. ವಿಷಯ, ಉಲ್ಲೇಖ, ಮಾನ್ಯರೇ ಎಂಬುದು ತಾನಾಗಿ ಬಂತು. ಆಮೇಲೆ ಪೆನ್ನು ನಿಂತಿತು. ಮೊದಲ ಮಹಡಿಗೆ ಇಪ್ಪತ್ತೊಂದು ಮೆಟ್ಟಿಲುಗಳಿರುತ್ತವೆ ಎಂದು ಬರೆದಳು. ಹಿಡಿಕೆ ಕಂಬಿ ಇರುವುದಿಲ್ಲ. ಕೆಳಗಿನ ಕೋಣೆ ತಿಂಗಳಿಗೆ ಎರಡು ದಿನ ಮಾತ್ರ ಉಪಯೋಗವಾಗುತ್ತಿದೆ. ಪಾಯಖಾನೆಯ ಸಾಲು ಬರೆದು ಹೊಡೆದು ಹಾಕಿದಳು, ಮತ್ತೆ ಬರೆದಳು. ಕೊನೆಗೆ ಉಳಿದದ್ದು ಒಂದು. ನಾಲ್ಕು ತಿಂಗಳಿನಿಂದ ಬಚ್ಚಿಟ್ಟದ್ದು ಅದೇ. ಅದನ್ನು ಬರೆಯುವಾಗ ಮೇಜಿನ ಮೇಲೆ ಎಡಗೈ ಅಡ್ಡ ಹಿಡಿದಿದ್ದಳು, ಪರೀಕ್ಷೆಯಲ್ಲಿ ಉತ್ತರ ಮುಚ್ಚಿಕೊಳ್ಳುವ ಹುಡುಗಿಯ ಹಾಗೆ.

ದೂರುದಾರಳು ಸದರಿ ಮೆಟ್ಟಿಲುಗಳನ್ನು ಕುಳಿತುಕೊಂಡು, ಕೈಗಳನ್ನು ಊರಿ ಹತ್ತುತ್ತಾಳೆ.

ಅತೀಕ ಸಾಹೇಬರು ಓದಿದರು. ಆ ಸಾಲಿನಲ್ಲಿ ಅವರ ಬೆರಳು ನಿಂತಿತು. ತಲೆ ಎತ್ತಿ ಅವಳನ್ನು ನೋಡಿದರು, ಅವಳ ಅಂಗೈಗಳನ್ನು ನೋಡಿದರು, ಬೇಗ ಕಣ್ಣು ತೆಗೆದರು. ಕುಂತು? ಎಂದು ಕೇಳಿದ್ದು ಅವಳಿಗಷ್ಟೇ ಕೇಳಿತು. ಅವಳು ಹೂಂ ಅಂದಳು. ಹಾಳೆ ಮಗುಚಿ ನೋಡಿ, ಕೊನೆಯ ಸಾಲು ಎಲ್ಲಿ ಎಂದು ಕೇಳಿದರು. ಯಾವ ಸಾಲು ಎಂದು ಅವರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಅದು ಇಲ್ರಿ ಅಂದಳು. ಅವರು ಕಿರುಸಹಿ ಹಾಕಿ, ಮೇಲೆ ಕಳಿಸ್ತೀನಿ, ಮುಂದಿನದು ಸಾಹೇಬರಿಗೆ ಬಿಟ್ಟದ್ದು ಅಂದರು. ಸಾಹೇಬರ ಕೋಣೆ ಇರುವುದು ಕೆಳಗೆ. ಆದರೂ ಕಡತ ಯಾವಾಗಲೂ ಮೇಲೇ ಹೋಗುತ್ತದೆ.

ಹದಿನೈದು ದಿನ ಕಳೆದರೂ ಕರಡು ಕೆಳಗಿನಿಂದ ವಾಪಸು ಬರಲಿಲ್ಲ. ಬೇಡವೆಂದೂ ಯಾರೂ ಹೇಳಲಿಲ್ಲ. ಆದರೆ ಕರಡು ನಾಲ್ಕು ಜನರ ಕೈ ದಾಟಿತ್ತು, ಈಗ ಎಲ್ಲರಿಗೂ ಗೊತ್ತಿತ್ತು. ಅವಳು ಕುರ್ಚಿಯಲ್ಲಿದ್ದಾಗ ಹಾದುಹೋಗುವವರು ಅವಳ ಕೈಗಳನ್ನು ನೋಡತೊಡಗಿದರು. ಅವಳೊಂದಿಗೆ ಡಬ್ಬಿ ಬಿಚ್ಚುತ್ತಿದ್ದ ಪರಿಮಳಾ ನಾಲ್ಕು ದಿನ ಬೇರೆ ಕಡೆ ಉಂಡಳು. ಅದು ಸಿಟ್ಟಲ್ಲ, ಏನು ಮಾತನಾಡುವುದು ಎಂದು ತಿಳಿಯದ್ದು. ಅದು ದಾನೇಶ್ವರಿಗೂ ಗೊತ್ತಾಯಿತು. ಗೊತ್ತಾಗಿ ಉಪಯೋಗವಾಗಲಿಲ್ಲ. ಒಬ್ಬಳೇ ಉಂಡಳು, ನೀರು ಕುಡಿಯದೆ.

*

ವಿಚಾರಣೆಯ ದಿನ ಅವಳು ಎಂದಿನಂತೆ ಮೊದಲ ಬಸ್ಸಿಗೇ ಬಂದಳು. ಗೇಟಿನ ಒಳಗೆ ಜೀಪು ನಿಂತಿತ್ತು. ಯಾದಗಿರಿಯಿಂದ ಹತ್ತೂವರೆಗೆ ಬರುವ ಲಕ್ಷ್ಮಿಕಾಂತ ಸಾಹೇಬರು ಎಂಟಕ್ಕೇ ಬಂದಿದ್ದರು. ಕೆಳಗಿನ ಕೋಣೆಯ ಬೀಗ ತೆಗೆದಿತ್ತು, ಪರದೆ ನೀಲಿಯಾಗಿ ಹೊತ್ತಿತ್ತು. ಮೆಟ್ಟಿಲಿನ ಬುಡದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ. ಕುರ್ಚಿಯ ಎರಡೂ ಬದಿಗೆ ಬಿದಿರಿನ ಗಳ ಕಟ್ಟಿತ್ತು, ಹೊಸ ಹಗ್ಗದಿಂದ, ಗಟ್ಟಿಯಾಗಿ. ಕೂರುವಲ್ಲಿ ಒಂದು ಮಡಿಸಿದ ಕೌದಿ. ಆ ಕೌದಿ ಹುಸೇನಬೀಯದು, ಮಧ್ಯಾಹ್ನ ನಮಾಜು ಮುಗಿಸಿ ಅವಳು ಅದರ ಮೇಲೆ ಒರಗುವುದನ್ನು ದಾನೇಶ್ವರಿ ಕಂಡಿದ್ದಳು.

ಗಳಗಳ ಮುಂದಿನ ತುದಿಯ ಹತ್ತಿರ ಡ್ರೈವರು ನಿಂತಿದ್ದ. ಹಿಂದಿನ ತುದಿಯ ಹತ್ತಿರ ಹುಸೇನಬೀ. ಬೇರೆ ಯಾರೂ ಇಷ್ಟು ಹೊತ್ತಿಗೆ ಬರುವುದಿಲ್ಲವಲ್ಲ. ಪಲ್ಲಕ್ಕಿ ಸಿದ್ಧ ಅದ ಅಂತ ಡ್ರೈವರು ನಕ್ಕ, ಸಾಹೇಬರು ನೋಡಿದ್ದಕ್ಕೆ ನಗು ನಿಲ್ಲಿಸಿದ.

ಸಾಹೇಬರು ಮೆತ್ತಗೆ ಮಾತನಾಡಿದರು. ಕುಳಿತು ಹತ್ತುವ ಆ ಸಾಲು ಓದಿದ ದಿನ ಮನೆಯಲ್ಲಿ ಊಟ ಸೇರಲಿಲ್ಲ ಅಂದರು. ಅದು ಸುಳ್ಳಿರಲಿಕ್ಕಿಲ್ಲ ಅನಿಸಿತು ಅವಳಿಗೆ. ಬೀಗ ಹಾಕಿದ ಕೋಣೆ ಬಿಡಿಸುವುದು ತನ್ನ ಕೈಯಲ್ಲಿಲ್ಲ, ಪರದೆ ಮೇಲಿನವರದು, ಆದರೆ ಮೆಟ್ಟಿಲಿನದು ತನ್ನ ಕೈಯಲ್ಲಿದೆ ಅಂದರು. ಇನ್ನು ಮೇಲೆ ದಿನಾ ಹತ್ತಕ್ಕೆ ಬರಬಹುದು. ಎತ್ತಿ ತರುತ್ತಾರೆ, ಸಂಜೆ ಎತ್ತಿ ಇಳಿಸುತ್ತಾರೆ, ನಡುವೆ ಬೇಕೆಂದಾಗ ಕೆಳಗೂ ಒಯ್ಯುತ್ತಾರೆ. ಈಗ ಒಂದು ಫೋಟೊ, ವರದಿಗೆ ಲಗತ್ತಿಸಲು. ಹನ್ನೊಂದಕ್ಕೆ ಪರದೆಯ ಮುಂದೆ ಅವಳು ಒಂದು ಸಾಲು ಹೇಳಿದರೆ ಸಾಕು. ಹೇಳಿ ಅವರು ಹಾಳೆ ಚಾಚಿದರು. ಅವಳ ಕರಡೇ, ಬೆರಳಚ್ಚಾಗಿತ್ತು. ಕಂಬಿಯ ಮಾತಿತ್ತು, ಹಿತ್ತಲಿನ ಮಾತಿತ್ತು. ಕುಳಿತುಕೊಂಡು ಹತ್ತುತ್ತಾಳೆ ಎಂಬುದು ಇರಲಿಲ್ಲ. ಆ ಜಾಗದಲ್ಲಿ ಸಿಬ್ಬಂದಿಯ ನೆರವಿನಿಂದ ಎಂದಿತ್ತು. ಕೊನೆಯ ಸಾಲನ್ನು ಅವಳು ಓದದೆಯೇ ಗುರುತಿಸಿದಳು.

"ವಿಚಾರಣಿ ಕೆಳಗೇ ಅದಲ್ರಿ," ಅಂದಳು. "ಈಗ ಮ್ಯಾಲ ಯಾಕ ಒಯ್ಯಬೇಕು?"

"ಫೋಟೊಕ್ಕ. ಆದ ಮ್ಯಾಲ ಇಳಸ್ತಾರ."

ರಾತ್ರಿ ಚೆನ್ನಾಗಿ ನಿದ್ದೆ ಬಂದಿರಲಿಲ್ಲ. ಅಂಗೈ ಉರಿಯುತ್ತಿತ್ತು, ಒಂಬತ್ತನೆಯ ಮೆಟ್ಟಿಲು ಸುಲಿದ ಚರ್ಮ ಇನ್ನೂ ಕೂಡಿರಲಿಲ್ಲ. ಕುರ್ಚಿ ಎತ್ತರಕ್ಕೆ ಸರಿಯಾಗಿತ್ತು. ಕೂತರೆ ಮುಖ ಮುಂದಕ್ಕೆ ಇರುತ್ತದೆ, ಹತ್ತುವಾಗ ಮೇಲಿನದು ಕಾಣುತ್ತದೆ ಎಂದು ಯೋಚನೆ ಬಂತು. ಹತ್ತಕ್ಕೆ ಬರಬಹುದು. ನೀರು ಕುಡಿಯಬಹುದು.

ಹುಸೇನಬೀ ಗಳ ಬಿಡದೆ ಅವಳ ಕಡೆ ಬಗ್ಗಿದಳು.

"ಕುಂದ್ರು ಬೇಟಿ," ಅಂದಳು ಸಣ್ಣ ದನಿಯಲ್ಲಿ. "ನೀ ಏನ್ ಭಾರ ಇಲ್ಲ. ಮುಂದಿನ ತಿಂಗಳ ನನ್ನ ಕರಾರು ಮುಗಿತದ, ಸಾಹೇಬ್ರು ನೋಡಾಕತ್ತಾರ."

ಇಡೀ ಕಚೇರಿಯಲ್ಲಿ ಅವಳು ಹತ್ತುವುದನ್ನು ಕಂಡವಳು ಇವಳೊಬ್ಬಳು. ಕೈ ಕೊಡಬಾರದು ಎಂದು ತಿಳಿದುಕೊಂಡವಳೂ ಇವಳೊಬ್ಬಳು. ಗಳ ಹಿಡಿದ ಕೈಗಳ ನರ ಈಗಲೇ ಉಬ್ಬಿದ್ದವು. ದಾನೇಶ್ವರಿ ಅವಳ ಮುಖ ನೋಡಿದಳು. ನೋಡಿದ್ದು ಸಾಕಾಗಿ ಬಾಗಿಲಿನ ಕಡೆ ತಿರುಗಿದಳು. ತೆರೆದ ಕೋಣೆಯಲ್ಲಿ ಪರದೆಯ ನೀಲಿ ಬೆಳಕು ನೆಲಕ್ಕೆ ಬಿದ್ದಿತ್ತು, ಮೇಜಿನ ಕಾಲಿನ ನಾಲ್ಕು ಗುರುತುಗಳೂ ಕಾಣುತ್ತಿದ್ದವು.

ಸಾಹೇಬರು ಮೊಬೈಲು ಎತ್ತಿ ಹಿಡಿದರು. ಊರುಗೋಲು ಕಾಣಬಾರದು ಎಂದು ಡ್ರೈವರು ಅದನ್ನು ತೆಗೆದುಕೊಳ್ಳಲು ಕೈ ಚಾಚಿದ. ಅವಳು ಬಿಡಲಿಲ್ಲ.

"ಇನ್ನೇನ್ ಬೇಕ್ರಿ ನಿಮಗ?" ಅಂದರು ಸಾಹೇಬರು. ನಿಜವಾಗಿಯೂ ತಿಳಿಯದವರ ಹಾಗೆ ಕೇಳಿದರು. "ಸಮಾಧಾನ ಅಂತ ಒಂದು ಮಾತು. ಕುಂದರ್ರಿ."

"ಕುಂದ್ರಂಗಿಲ್ರಿ," ಅಂದಳು ದಾನೇಶ್ವರಿ.